ಥೈರಾಯ್ಡ್ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ: ಯಾವುದು ಮೊದಲು, ಯಾವುದನ್ನು ಹೇಗೆ ತೆಗೆದುಕೊಳ್ಳಬೇಕು?

ಹೆಲ್ತ್ ಚೆಕಪ್ ಮಾಡಿಸಿದವರ ರಿಪೋರ್ಟಿನಲ್ಲಿ ಈ ಎರಡು ಸಾಲುಗಳು ಒಟ್ಟಿಗೇ ಏರಿರುವುದು ತುಂಬಾ ಸಾಮಾನ್ಯ: ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಜಾಸ್ತಿ, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಜಾಸ್ತಿ. ಮನೆಯವರು ಇವು ಎರಡು ಬೇರೆ ಬೇರೆ ಕಾಯಿಲೆಗಳು ಅಂದುಕೊಳ್ಳುತ್ತಾರೆ. ಎರಡು ಮಾತ್ರೆ ಬರುತ್ತವೆ, ಎರಡನ್ನೂ ಬೆಳಗಿನ ಕಾಫಿಯ ಜೊತೆಗೆ ನುಂಗಿ ಮುಗಿಸುತ್ತಾರೆ. ಆರು ತಿಂಗಳಾದ ಮೇಲೆ ನೋಡಿದರೆ ಎರಡೂ ಸಂಖ್ಯೆ ಸರಿಯಾಗಿ ಇಳಿದಿರುವುದಿಲ್ಲ. ಡೋಸ್ ಏರುತ್ತದೆ. ಮೈಕೈ ನೋವು ಶುರುವಾಗುತ್ತದೆ. ಕೊನೆಗೆ ಯಾರೋ ಹೇಳಿದರು ಅಂತ ಎರಡನ್ನೂ ಬಿಟ್ಟುಬಿಡುತ್ತಾರೆ.

ಇದರಲ್ಲಿ ಬಹಳಷ್ಟನ್ನು ತಪ್ಪಿಸಬಹುದು. ಈ ಎರಡು ಸಂಖ್ಯೆಗಳ ನಡುವೆ ನೇರ ಸಂಬಂಧ ಇದೆ. ಯಾವುದನ್ನು ಮೊದಲು ಸರಿಪಡಿಸಬೇಕು ಎನ್ನುವುದಕ್ಕೆ ಒಂದು ಕ್ರಮ ಇದೆ. ಮಾತ್ರೆ ನುಂಗುವುದಕ್ಕೂ ಒಂದು ರೀತಿ ಇದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಯಾವ ಮಾತ್ರೆ, ಎಷ್ಟು ಡೋಸ್ ಎಂದು ತೀರ್ಮಾನಿಸುವವರು ನಿಮ್ಮ ಡಾಕ್ಟರೇ. ಆದರೆ ಅವರ ಎದುರು ಕೂತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎನ್ನುವುದು ನಿಮಗೂ ಗೊತ್ತಿರಬೇಕು, ಅಲ್ವಾ?

ಹಂತ 1: ರಿಪೋರ್ಟನ್ನು ನೀವೇ ಓದಿ

ಟಿಎಸ್‌ಎಚ್ ಎನ್ನುವುದು ಥೈರಾಯ್ಡ್ ಗ್ರಂಥಿಯಿಂದ ಬರುವ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೆಲಸ ಮಾಡು ಎಂದು ಕಳಿಸುವ ಹಾರ್ಮೋನ್ ಅದು. ಥೈರಾಯ್ಡ್ ನಿಧಾನವಾದಷ್ಟೂ ಟಿಎಸ್‌ಎಚ್ ಏರುತ್ತದೆ. ಹೆಚ್ಚಿನ ಲ್ಯಾಬ್‌ಗಳಲ್ಲಿ ಸುಮಾರು 0.4ರಿಂದ 4 ಅಥವಾ 4.5ರವರೆಗೆ ಸರಿ ಎನ್ನುತ್ತಾರೆ. ಟಿಎಸ್‌ಎಚ್ ಏರಿ, ಫ್ರೀ ಟಿ4 (ಥೈರಾಯ್ಡ್ ಗ್ರಂಥಿಯೇ ತಯಾರಿಸುವ ಹಾರ್ಮೋನಿನ ಅಳತೆ) ಇಳಿದಿದ್ದರೆ ಅದು ಸ್ಪಷ್ಟವಾದ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಕೊರತೆ. ಟಿಎಸ್‌ಎಚ್ ಸ್ವಲ್ಪ ಏರಿ ಫ್ರೀ ಟಿ4 ಸರಿಯಾಗಿಯೇ ಇದ್ದರೆ ಅದು ಗಡಿಯಲ್ಲಿರುವ ಸ್ಥಿತಿ. ಹಾಗಾಗಿ ಟಿಎಸ್‌ಎಚ್ ಒಂದನ್ನೇ ನೋಡಿ ಗಾಬರಿಯಾಗಬೇಡಿ. ಫ್ರೀ ಟಿ4 ಕೂಡ ಬೇಕು. ಜ್ವರ ಅಥವಾ ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಕೆಲವು ವಾರ ಏರಿ ತಾನಾಗಿಯೇ ಇಳಿಯುವುದುಂಟು. ಗಡಿಯಲ್ಲಿರುವ ಸಂಖ್ಯೆಗೆ ಮಾತ್ರೆ ಶುರುಮಾಡುವ ಮುಂಚೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇನ್ನು ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ. ಒಟ್ಟು ಕೊಲೆಸ್ಟ್ರಾಲ್ ಸಂಖ್ಯೆಯನ್ನು ನೋಡಿ ಭಯ ಪಡುವವರು ಜಾಸ್ತಿ. ಆದರೆ ನೋಡಬೇಕಾದ್ದು ಎಲ್‌ಡಿಎಲ್ ಮತ್ತು ನಾನ್-ಎಚ್‌ಡಿಎಲ್. ನಾನ್-ಎಚ್‌ಡಿಎಲ್ ರಿಪೋರ್ಟಿನಲ್ಲಿ ಇಲ್ಲದಿದ್ದರೆ ನೀವೇ ಲೆಕ್ಕ ಹಾಕಬಹುದು. ಒಟ್ಟು ಕೊಲೆಸ್ಟ್ರಾಲಿನಿಂದ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಳೆದರೆ ಆಯಿತು. ಉದಾಹರಣೆಗೆ ಒಟ್ಟು 268, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 190 ಇದೆ ಅಂದುಕೊಳ್ಳಿ. ನಾನ್-ಎಚ್‌ಡಿಎಲ್ 226. ಎಲ್‌ಡಿಎಲ್ ಲೆಕ್ಕಕ್ಕೆ ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ ಬಂದ 38ನ್ನೂ ಕಳೆಯಬೇಕು. ಆಗ 188 ಬರುತ್ತದೆ. ಬಹಳ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಹೀಗೇ ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷೆ ಬೇಕು, ಅಥವಾ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವ ಪರೀಕ್ಷೆ ಬೇಕು. ಉಳಿದಂತೆ ಲಿಪಿಡ್ ಪರೀಕ್ಷೆಗೆ ಉಪವಾಸ ಇರಲೇಬೇಕು ಎಂಬ ನಿಯಮವನ್ನು ಈಗ ಸಡಿಲ ಮಾಡಿದ್ದಾರೆ.

ಹಂತ 2: ಕೊಲೆಸ್ಟ್ರಾಲ್ ಮಾತ್ರೆಗೆ ಮುಂಚೆ ಟಿಎಸ್‌ಎಚ್ ಕೇಳಿ

ಈ ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ನೆನಪಿಟ್ಟುಕೊಳ್ಳಿ. ಎಲ್‌ಡಿಎಲ್ ಏರಿದೆ ಎಂದು ಗೊತ್ತಾದಾಗ, ಮಾತ್ರೆ ಶುರುವಾಗುವ ಮುಂಚೆ ಥೈರಾಯ್ಡ್ ಪರೀಕ್ಷೆ ಆಗಿದೆಯಾ ಎಂದು ಕೇಳಿ.

ಕಾರಣ ಇಷ್ಟು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವುದು ಲಿವರ್. ಅದಕ್ಕಾಗಿ ಲಿವರಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ರಿಸೆಪ್ಟರ್‌ಗಳಿವೆ. ಈ ರಿಸೆಪ್ಟರ್‌ಗಳು ಎಷ್ಟು ತಯಾರಾಗಬೇಕು ಎನ್ನುವುದರಲ್ಲಿ ಥೈರಾಯ್ಡ್ ಹಾರ್ಮೋನಿನ ಪಾತ್ರ ದೊಡ್ಡದು. ಹಾರ್ಮೋನ್ ಕಡಿಮೆಯಾದರೆ ರಿಸೆಪ್ಟರ್ ಕಡಿಮೆಯಾಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಎಣ್ಣೆ ಬಿಟ್ಟರೂ ತುಪ್ಪ ಬಿಟ್ಟರೂ ಸಂಖ್ಯೆ ಇಳಿಯದೆ ಬೇಸರ ಮಾಡಿಕೊಳ್ಳುವ ಕೆಲವರಲ್ಲಿ ನಿಜವಾದ ಕಾರಣ ಇದೇ ಆಗಿರುತ್ತದೆ.

ಇನ್ನೊಂದು ಕಾರಣವೂ ಇದೆ. ಥೈರಾಯ್ಡ್ ಕೊರತೆಯೇ ಸ್ನಾಯುಗಳಿಗೆ ನೋವು, ಸೆಳೆತ, ಬಲಹೀನತೆ ತರುತ್ತದೆ. ಅದನ್ನು ಸರಿಪಡಿಸದೆ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟರೆ ಸ್ನಾಯುಗಳಿಗೆ ತೊಂದರೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಆಮೇಲೆ ಆ ನೋವಿಗೆ ಕಾರಣ ಯಾವುದು ಎಂದು ಬಿಡಿಸುವುದೂ ಕಷ್ಟ.

ಹಾಗಾದರೆ ಎಲ್ಲರೂ ಥೈರಾಯ್ಡ್ ಸರಿಯಾಗುವವರೆಗೆ ಕಾಯಬೇಕಾ? ಇಲ್ಲ. ಈಗಾಗಲೇ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆದವರು, ಸ್ಟೆಂಟ್ ಹಾಕಿಸಿಕೊಂಡವರು ಸ್ಟಾಟಿನ್ ನಿಲ್ಲಿಸಲೇಬಾರದು. ಅವರಿಗೆ ಎರಡೂ ಒಟ್ಟಿಗೇ ನಡೆಯಬೇಕು, ಡಾಕ್ಟರ್ ಕಣ್ಣಿಟ್ಟು ನೋಡುತ್ತಾರೆ. ಟಿಎಸ್‌ಎಚ್ 5, 6, 7ರ ಆಸುಪಾಸಿನಲ್ಲಿದ್ದರೆ ಥೈರಾಯ್ಡ್ ಮಾತ್ರೆಯಿಂದ ಎಲ್‌ಡಿಎಲ್ ಹೆಚ್ಚೇನೂ ಇಳಿಯುವುದಿಲ್ಲ. ಎಲ್‌ಡಿಎಲ್ ಸಂಖ್ಯೆ ಹತ್ತರಷ್ಟು ಇಳಿದರೆ ಅದೇ ದೊಡ್ಡದು. ಟಿಎಸ್‌ಎಚ್ 20, 40, 80 ಇರುವವರಲ್ಲಿ ಮಾತ್ರ ಥೈರಾಯ್ಡ್ ಸರಿಯಾದಾಗ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿಯುತ್ತದೆ. ಅವರಲ್ಲಿ ಕೆಲವರಿಗೆ ಸ್ಟಾಟಿನ್ ಬೇಕಾಗುವುದೇ ಇಲ್ಲ.

ಹಂತ 3: ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಶುರು ಮಾಡುವಾಗ

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ಗ್ರಂಥಿಯಿಂದ ತೆಗೆದ ರಸವನ್ನು ಇಂಜೆಕ್ಷನ್ ಕೊಟ್ಟು ಥೈರಾಯ್ಡ್ ಕೊರತೆಯ ರೋಗಿಯನ್ನು ಚೇತರಿಸಿದರು. 1914ರ ಡಿಸೆಂಬರ್ 25ರಂದು ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಇವತ್ತು ನಾವು ನುಂಗುವ ಲೀವೋಥೈರಾಕ್ಸಿನ್ ಲ್ಯಾಬಿನಲ್ಲಿ ತಯಾರಾದರೂ ನಮ್ಮ ದೇಹ ತಯಾರಿಸುವ ಹಾರ್ಮೋನಿನ ಹಾಗೆಯೇ ಇರುತ್ತದೆ. ಅದಕ್ಕೇ "ಜೀವನಪೂರ್ತಿ ಮಾತ್ರೆ" ಎಂದು ಹೆದರಬೇಕಾಗಿಲ್ಲ. ದೇಹಕ್ಕೆ ಕಡಿಮೆ ಬಿದ್ದದ್ದನ್ನು ತುಂಬಿಕೊಡುತ್ತಿದ್ದೇವೆ ಅಷ್ಟೇ.

ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿ ಇರುತ್ತದೆ, ಮಿಲಿಗ್ರಾಂ ಅಲ್ಲ. ಥೈರಾಯ್ಡ್ ಪೂರ್ತಿ ಕೆಲಸ ನಿಲ್ಲಿಸಿದ ವಯಸ್ಕರಿಗೆ ಕೆಜಿ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. 60 ಕೆಜಿ ತೂಕದವರಿಗೆ ಸುಮಾರು 100. ಸ್ವಲ್ಪ ಕೊರತೆ ಇರುವವರಿಗೆ 25 ಅಥವಾ 50 ಸಾಕಾಗಬಹುದು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಒಮ್ಮೆಲೇ ಜಾಸ್ತಿ ಕೊಟ್ಟರೆ ಹೃದಯದ ಮೇಲೆ ಭಾರ ಬೀಳುತ್ತದೆ. ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಚಿಕಿತ್ಸೆ ಶುರು ಮಾಡುತ್ತಾರೆ. ಅದಕ್ಕಿಂತ ಕಡಿಮೆ ಇದ್ದು ವಯಸ್ಸು 65 ದಾಟಿದ್ದರೆ ಮಾತ್ರೆಯಿಂದ ಸುಸ್ತು ಕಡಿಮೆಯಾಗುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನ ತೋರಿಸಿತು. ಅಜ್ಜ ಅಜ್ಜಿಯರ ಟಿಎಸ್‌ಎಚ್ 6 ಇದೆ ಎಂದು ಸುಮ್ನೆ ಮಾತ್ರೆ ಶುರುಮಾಡಿಸಬೇಡಿ.

ಹಂತ 4: ನುಂಗುವ ರೀತಿ

ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಥೈರಾಕ್ಸಿನ್ ಹೊಟ್ಟೆ ಖಾಲಿ ಇದ್ದಾಗ ಚೆನ್ನಾಗಿ ಹೀರಿಕೊಳ್ಳುತ್ತದೆ. ಎದ್ದ ತಕ್ಷಣ ಒಂದು ಲೋಟ ನೀರಿನ ಜೊತೆ ನುಂಗಿ. ಆಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಏನೂ ಬೇಡ. ನಮ್ಮಲ್ಲಿ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಫಿಲ್ಟರ್ ಕಾಫಿ. ಕಾಫಿ ಈ ಮಾತ್ರೆ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಹಾಲಿನಲ್ಲಿರುವ ಕ್ಯಾಲ್ಸಿಯಂ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ರಾಗಿ ಗಂಜಿಯೂ ಅಷ್ಟೇ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ರಾಗಿ ಬಿಡಬೇಕಾಗಿಲ್ಲ, ಮಾತ್ರೆಗೂ ಗಂಜಿಗೂ ನಡುವೆ ಒಂದು ಗಂಟೆ ಬಿಡಿ.

ಕ್ಯಾಲ್ಸಿಯಂ ಮಾತ್ರೆ, ಐರನ್ ಮಾತ್ರೆ, ಅಸಿಡಿಟಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್ ತರಹದ ಆಂಟಾಸಿಡ್, ಐರನ್ ಇರುವ ಮಲ್ಟಿವಿಟಮಿನ್, ಇವಕ್ಕೆ ನಾಲ್ಕು ಗಂಟೆ ಅಂತರ ಬೇಕು. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕ್ಯಾಲ್ಸಿಯಮ್ಮನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಂಡರೆ ಗೊಂದಲ ಇರುವುದಿಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತರಹದ ಗ್ಯಾಸ್ ಮಾತ್ರೆಗಳ ವಿಷಯ ಬೇರೆ. ಅವು ಹೊಟ್ಟೆಯ ಆಮ್ಲವನ್ನೇ ತಗ್ಗಿಸುತ್ತವೆ, ಅದರಿಂದ ಥೈರಾಕ್ಸಿನ್ ಕರಗುವುದು ಕಡಿಮೆಯಾಗಬಹುದು. ಅಂತರ ಬಿಟ್ಟರೆ ಇದು ಬಗೆಹರಿಯುವುದಿಲ್ಲ. ಗ್ಯಾಸ್ ಮಾತ್ರೆ ತಿಂಗಳುಗಟ್ಟಲೆ ನಡೆಯುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಡೋಸ್ ಸ್ವಲ್ಪ ಬದಲಿಸಬೇಕಾಗಬಹುದು.

ಬೆಳಿಗ್ಗೆ ಕಾಫಿ ಇಲ್ಲದೆ ದಿನವೇ ಶುರುವಾಗುವುದಿಲ್ಲ ಎನ್ನುವವರಿಗೆ ಬೇರೆ ದಾರಿ ಇದೆ. ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುಂಚೆ ತೆಗೆದುಕೊಳ್ಳಬಹುದು. ನೆದರ್ಲೆಂಡ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ತೆಗೆದುಕೊಂಡವರ ಟಿಎಸ್‌ಎಚ್ ಬೆಳಗಿನವರಿಗಿಂತ ಚೆನ್ನಾಗಿಯೇ ಇತ್ತು. ಆದರೆ ನಮ್ಮಲ್ಲಿ ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವ ಮನೆಗಳೇ ಜಾಸ್ತಿ, ಅವರಿಗೆ ಇದು ಹೊಂದುವುದಿಲ್ಲ. ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತು ಇರಲಿ.

ಏಕಾದಶಿ, ಸೋಮವಾರದ ಉಪವಾಸ ಮಾಡುವವರು ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ನೀರನ್ನೂ ಬಿಡುವ ಉಪವಾಸವಾದರೆ ಹಿಂದಿನ ರಾತ್ರಿಯೋ ಉಪವಾಸ ಮುರಿಯುವ ಮುನ್ನವೋ ತೆಗೆದುಕೊಳ್ಳಿ. ರಂಜಾನ್ ತಿಂಗಳಲ್ಲಿ ಸಹರಿಗೆ ಅರ್ಧ ಗಂಟೆ ಮುಂಚೆ ಅಥವಾ ಇಫ್ತಾರ್ ಊಟವಾಗಿ ಮೂರು ಗಂಟೆಯ ಮೇಲೆ ಮಲಗುವ ಹೊತ್ತಿಗೆ ನುಂಗಬಹುದು.

ಒಂದು ದಿನ ಮರೆತರೆ? ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಒಂದು ದಿನ ತಪ್ಪಿದರೆ ಏನೂ ಮುಳುಗುವುದಿಲ್ಲ. ನೆನಪಾದಾಗ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ. ಆದರೆ ವಾರಕ್ಕೆ ಎರಡು ಮೂರು ದಿನ ತಪ್ಪುತ್ತಿದ್ದರೆ ಅದು ಡೋಸ್ ಕಡಿಮೆ ಮಾಡಿದ ಹಾಗೆಯೇ.

ಬಾಟಲಿಯ ಬಗ್ಗೆಯೂ ಒಂದು ಮಾತು. ಥೈರಾನಾರ್ಮ್, ಎಲ್ಟ್ರಾಕ್ಸಿನ್ ತರಹದ ಮಾತ್ರೆಗಳು ನೂರಕ್ಕಿಂತ ಹೆಚ್ಚು ಮಾತ್ರೆಗಳಿರುವ ಬಾಟಲಿಯಲ್ಲಿ ಸಿಗುತ್ತವೆ. ಬೆಳಕು, ಬಿಸಿ, ತೇವ ಮೂರೂ ಇದಕ್ಕೆ ಆಗುವುದಿಲ್ಲ. ಅಡುಗೆಮನೆಯ ಒಲೆಯ ಮೇಲಿನ ಶೆಲ್ಫು, ಬಚ್ಚಲಿನ ಕಿಟಕಿ ಬೇಡ. ಕರಾವಳಿಯ ಮಳೆಗಾಲದಲ್ಲಂತೂ ಮುಚ್ಚಳ ಬಿಗಿಯಾಗಿ ಹಾಕಿ. ಪದೇ ಪದೇ ಬ್ರಾಂಡ್ ಬದಲಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ಆರು ವಾರದ ನಂತರ ಟಿಎಸ್‌ಎಚ್ ನೋಡಿಸಿ.

ಹಂತ 5: ಆರರಿಂದ ಎಂಟು ವಾರ ಕಾಯಿರಿ, ಆಮೇಲೆ ಎರಡೂ ಪರೀಕ್ಷೆ ಮಾಡಿಸಿ

ಡೋಸ್ ಶುರುವಾಗಿ ಹದಿನೈದು ದಿನಕ್ಕೇ ಲ್ಯಾಬಿಗೆ ಹೋಗಿ ಪ್ರಯೋಜನ ಇಲ್ಲ. ಟಿಎಸ್‌ಎಚ್ ಒಂದು ಹದಕ್ಕೆ ಬರಲು ಆರು ವಾರ ಬೇಕೇ ಬೇಕು. ಆಗ ಲಿಪಿಡ್ ಪ್ರೊಫೈಲನ್ನೂ ಸೇರಿಸಿ ಮಾಡಿಸಿ. ಟಿಎಸ್‌ಎಚ್ ತುಂಬಾ ಏರಿದ್ದವರಲ್ಲಿ ಎಲ್‌ಡಿಎಲ್ ಪೂರ್ತಿ ಇಳಿಯಲು ಇನ್ನೂ ಸ್ವಲ್ಪ ಸಮಯ ಬೇಕಾಗಬಹುದು.

ಪರೀಕ್ಷೆಯ ದಿನ ಮೊದಲು ರಕ್ತ ಕೊಡಿ, ಆಮೇಲೆ ಮಾತ್ರೆ ನುಂಗಿ. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಬಯೋಟಿನ್ ಥೈರಾಯ್ಡಿಗೆ ಏನೂ ಮಾಡುವುದಿಲ್ಲ, ಆದರೆ ಲ್ಯಾಬಿನ ಯಂತ್ರಕ್ಕೆ ತಪ್ಪು ಸಂಖ್ಯೆ ತೋರಿಸುತ್ತದೆ. ಥೈರಾಯ್ಡ್ ಕೊರತೆಯಿಂದಲೇ ಕೂದಲು ಉದುರುವ ಎಷ್ಟೋ ಹೆಣ್ಣುಮಕ್ಕಳು ಬಯೋಟಿನ್ ನುಂಗುತ್ತಿರುತ್ತಾರೆ. ಅವರ ರಿಪೋರ್ಟ್ ನೋಡಿ ಡೋಸ್ ತಪ್ಪಾಗಿ ಕಡಿಮೆ ಮಾಡುವ ಅಪಾಯ ಇದೆ.

ಟಿಎಸ್‌ಎಚ್ ಇಳಿದಿಲ್ಲ ಎಂದರೆ ಡೋಸ್ ಏರಿಸುವ ಮುಂಚೆ ಹಂತ 4ನ್ನು ಇನ್ನೊಮ್ಮೆ ನೋಡಿ. ಫ್ರೀ ಟಿ4 ಚೆನ್ನಾಗಿದ್ದು ಟಿಎಸ್‌ಎಚ್ ಮಾತ್ರ ಏರಿದ್ದರೆ ಬಹುಶಃ ಎರಡು ತಿಂಗಳು ಸರಿಯಾಗಿ ತೆಗೆದುಕೊಳ್ಳದೆ, ಪರೀಕ್ಷೆಗೆ ಒಂದು ವಾರ ಇರುವಾಗ ಶಿಸ್ತಾಗಿ ನುಂಗಿರುತ್ತಾರೆ. ಡಾಕ್ಟರಿಗೆ ನಿಜ ಹೇಳಿ. ಬೈಸಿಕೊಂಡರೂ ಪರವಾಗಿಲ್ಲ, ಬೇಡದ ಡೋಸ್ ತಪ್ಪುತ್ತದೆ. ಅಗತ್ಯಕ್ಕಿಂತ ಜಾಸ್ತಿ ಥೈರಾಕ್ಸಿನ್ ಹೋದರೆ ಎದೆ ಡವಡವ, ನಿದ್ದೆ ಬಾರದಿರುವುದು, ಕೈ ನಡುಕ ಬರುತ್ತವೆ. ವಯಸ್ಸಾದವರಲ್ಲಿ ಹೃದಯ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದ ಕೆಲವರಲ್ಲಿ ಮಾತ್ರ ಟಿಎಸ್‌ಎಚ್ ಅನ್ನು ಬೇಕೆಂದೇ ಕಡಿಮೆ ಇಡುತ್ತಾರೆ.

ತೂಕ ಇಳಿಸಲು, ಕೊಲೆಸ್ಟ್ರಾಲ್ ಇಳಿಸಲು ಥೈರಾಯ್ಡ್ ಸರಿ ಇದ್ದವರು ಈ ಮಾತ್ರೆ ನುಂಗಬಾರದು. ಇದನ್ನು ದೊಡ್ಡದಾಗಿ ಪರೀಕ್ಷಿಸಿ ನೋಡಿಯೂ ಆಗಿದೆ. ಅಮೆರಿಕದ ಕೊರೋನರಿ ಡ್ರಗ್ ಪ್ರಾಜೆಕ್ಟ್ ಎಂಬ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಆದವರಿಗೆ ಕೊಲೆಸ್ಟ್ರಾಲ್ ಇಳಿಸಲು ಥೈರಾಕ್ಸಿನ್ನಿನದೇ ಇನ್ನೊಂದು ರೂಪವಾದ ಡೆಕ್ಸ್‌ಟ್ರೋಥೈರಾಕ್ಸಿನ್ ಕೊಟ್ಟರು. ಕೊಲೆಸ್ಟ್ರಾಲ್ ಇಳಿಯಿತು, ಆದರೆ ಸಾವು ಹೆಚ್ಚಾಯಿತು. 1970ರ ದಶಕದ ಆರಂಭದಲ್ಲೇ ಆ ಭಾಗವನ್ನು ನಿಲ್ಲಿಸಬೇಕಾಯಿತು.

ಹಂತ 6: ಈಗ ಎಲ್‌ಡಿಎಲ್ ಕಡೆ ಬನ್ನಿ

ಥೈರಾಯ್ಡ್ ಸರಿಯಾಯಿತು, ಎಲ್‌ಡಿಎಲ್ ಇನ್ನೂ ಏರಿಯೇ ಇದೆ. ಈಗ ಕೇಳಬೇಕಾದ ಪ್ರಶ್ನೆ "ನನ್ನ ಎಲ್‌ಡಿಎಲ್ ಎಷ್ಟು" ಅಲ್ಲ, "ನನ್ನ ಎಲ್‌ಡಿಎಲ್ ಎಷ್ಟಿರಬೇಕು". ಎಲ್ಲರಿಗೂ ಒಂದೇ ಗುರಿ ಇಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಪಾಯ ಕಡಿಮೆ ಇರುವವರಿಗೆ 100ಕ್ಕಿಂತ ಕೆಳಗೆ, ಶುಗರ್ ಅಥವಾ ಬಿಪಿಯಂತಹ ಅಪಾಯ ಇರುವವರಿಗೆ 70ಕ್ಕಿಂತ ಕೆಳಗೆ, ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆದವರಿಗೆ 55ಕ್ಕಿಂತ ಕೆಳಗೆ ಇರಬೇಕು. ಲ್ಯಾಬಿನ ಹಾಳೆಯಲ್ಲಿ 90ರ ಪಕ್ಕ "ನಾರ್ಮಲ್" ಎಂದು ಬರೆದಿದ್ದರೂ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ನಾರ್ಮಲ್ ಅಲ್ಲ.

ಜೀವನದಲ್ಲಿ ಒಮ್ಮೆ ಲೈಪೋಪ್ರೋಟೀನ್-ಎ ಎಂಬ ಪರೀಕ್ಷೆ ಮಾಡಿಸಿ. ಅದು ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಹೃದಯದ ಅಪಾಯ ಹೆಚ್ಚು. ಅದು ಹುಟ್ಟಿನಿಂದ ಬಂದದ್ದು, ಪಥ್ಯದಿಂದ ಬದಲಾಗುವುದಿಲ್ಲ. ಹಾಗಾಗಿ ಎಲ್‌ಡಿಎಲ್ ಅನ್ನು ಇನ್ನಷ್ಟು ಕೆಳಗಿಡಬೇಕಾಗುತ್ತದೆ.

ಹಂತ 7: ಸ್ಟಾಟಿನ್ ಆರಿಸುವುದು, ತೆಗೆದುಕೊಳ್ಳುವುದು

ಜಪಾನಿನ ಅಕಿರಾ ಎಂಡೋ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ, 1973ರಲ್ಲಿ ಅಕ್ಕಿಯ ಮೇಲೆ ಬೆಳೆದ ಒಂದು ನೀಲಿಹಸಿರು ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುವುದನ್ನು ಸ್ಟಾಟಿನ್ ತಡೆಯುತ್ತದೆ. ತಯಾರಿಕೆ ಕಡಿಮೆಯಾದಾಗ ಲಿವರ್ ರಿಸೆಪ್ಟರ್‌ಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಥೈರಾಯ್ಡ್ ಹಾರ್ಮೋನ್ ಮತ್ತು ಸ್ಟಾಟಿನ್ ಬೇರೆ ಬೇರೆ ದಾರಿಯಿಂದ ಬಂದು ಕೊನೆಗೆ ಅದೇ ರಿಸೆಪ್ಟರಿನ ಹತ್ತಿರ ಸೇರುತ್ತವೆ. ಎಷ್ಟು ಚೆಂದ ನೋಡಿ.

ನಮ್ಮಲ್ಲಿ ಹೆಚ್ಚು ಬರೆಯುವುದು ಅಟೋರ್ವಾಸ್ಟಾಟಿನ್ ಮತ್ತು ರೋಸುವಾಸ್ಟಾಟಿನ್. ಇವೆರಡನ್ನೂ ದಿನದ ಯಾವ ಹೊತ್ತಿನಲ್ಲಾದರೂ, ಊಟದ ಮುಂಚೆ ಅಥವಾ ಆಮೇಲೆ ತೆಗೆದುಕೊಳ್ಳಬಹುದು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಇರುವವರು ಇದನ್ನು ರಾತ್ರಿಗೆ ಇಟ್ಟುಕೊಂಡರೆ ಗೊಂದಲ ಆಗುವುದಿಲ್ಲ. ಅಟೋರ್ವಾ 40ರಿಂದ 80, ರೋಸುವಾ 20ರಿಂದ 40 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಅರ್ಧದಷ್ಟು ಇಳಿಸುತ್ತವೆ. ಅದಕ್ಕಿಂತ ಸಣ್ಣ ಡೋಸ್ ಶೇ. 30ರಿಂದ 50ರವರೆಗೆ. ಡೋಸ್ ದುಪ್ಪಟ್ಟು ಮಾಡಿದರೆ ಇಳಿಕೆಯೂ ದುಪ್ಪಟ್ಟಾಗುವುದಿಲ್ಲ, ಸುಮಾರು ಶೇ. 6 ಮಾತ್ರ ಹೆಚ್ಚಾಗುತ್ತದೆ. ಏಷ್ಯಾದವರ ದೇಹದಲ್ಲಿ ರೋಸುವಾಸ್ಟಾಟಿನ್ ಮಟ್ಟ ಜಾಸ್ತಿ ಏರುತ್ತದೆ ಎಂಬ ಕಾರಣಕ್ಕೆ ಅಮೆರಿಕದಲ್ಲಿ ನಮ್ಮಂಥವರಿಗೆ 5 ಮಿಲಿಗ್ರಾಮಿನಿಂದ ಶುರು ಮಾಡಲು ಹೇಳುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರು ಹೊಸ ಡಾಕ್ಟರ ಹತ್ತಿರ ಈ ವಿಷಯ ಎತ್ತಿದರೆ ತಪ್ಪಿಲ್ಲ.

ಬೇರೆ ಔಷಧಿಗಳ ಜೊತೆ ಎಚ್ಚರ ಬೇಕು. ಅಟೋರ್ವಾ ತೆಗೆದುಕೊಳ್ಳುವವರಿಗೆ ಗಂಟಲು ನೋವು, ಕೆಮ್ಮಿಗೆ ಕ್ಲಾರಿಥ್ರೋಮೈಸಿನ್, ಚರ್ಮದ ಹುಳುಕಡ್ಡಿಗೆ ಇಟ್ರಾಕೊನಜೋಲ್ ಬರೆದರೆ ಕೂಡಲೇ ಹೇಳಿ. ಇವು ಸ್ಟಾಟಿನ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಡಾಕ್ಟರ್ ಬೇರೆ ಔಷಧಿ ಕೊಡಬಹುದು ಅಥವಾ ಆ ದಿನಗಳಿಗೆ ಸ್ಟಾಟಿನ್ ನಿಲ್ಲಿಸಲು ಹೇಳಬಹುದು. ದ್ರಾಕ್ಷಿಯಲ್ಲ, ಗ್ರೇಪ್‌ಫ್ರೂಟ್ ಎಂಬ ಹಣ್ಣೂ ಹೀಗೇ ಮಾಡುತ್ತದೆ. ಅದೇ ಕುಟುಂಬಕ್ಕೆ ಸೇರಿದ್ದು ನಮ್ಮ ಚಕ್ಕೋತ. ದೇವನಹಳ್ಳಿ ಚಕ್ಕೋತದ ಒಂದೆರಡು ತೊಳೆ ತಿಂದರೆ ಏನೂ ಆಗುವುದಿಲ್ಲ. ದಿನವೂ ದೊಡ್ಡ ಲೋಟ ರಸ ಕುಡಿಯುವ ಅಭ್ಯಾಸ ಇದ್ದರೆ ಅಟೋರ್ವಾ ಜೊತೆ ಬೇಡ. ರೋಸುವಾಸ್ಟಾಟಿನ್‌ಗೆ ಈ ತೊಂದರೆ ಇಲ್ಲ, ಆದರೆ ಆಂಟಾಸಿಡ್ ಸಿರಪ್ ಕುಡಿದರೆ ಎರಡು ಗಂಟೆ ಬಿಟ್ಟು ಕುಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಥೈರಾಕ್ಸಿನ್ ಡೋಸ್ ಬದಲಾದಾಗಲೂ ರೋಸುವಾಸ್ಟಾಟಿನ್ ಶುರುವಾದಾಗಲೂ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಲೇಬೇಕು, ರಕ್ತ ಹೆಚ್ಚು ತೆಳುವಾಗುತ್ತದೆ.

ಹಂತ 8: ಮೈಕೈ ನೋವು ಬಂದರೆ

ಸ್ಟಾಟಿನ್ ಬಗ್ಗೆ ಭಯ ತುಂಬಾ ಇದೆ. ಭಯಕ್ಕೆ ಮರ್ಯಾದೆ ಕೊಟ್ಟೇ ಮಾತಾಡೋಣ. ತೊಡೆ, ಮೀನಖಂಡ, ಭುಜ ಎರಡೂ ಕಡೆ ಸಮನಾಗಿ ನೋಯುತ್ತಿದ್ದರೆ, ಮೆಟ್ಟಿಲು ಹತ್ತಲು, ಕೂತಲ್ಲಿಂದ ಏಳಲು ಕಷ್ಟವಾಗುತ್ತಿದ್ದರೆ ಸಿಪಿಕೆ ಎಂಬ ರಕ್ತ ಪರೀಕ್ಷೆ, ಟಿಎಸ್‌ಎಚ್, ವಿಟಮಿನ್ ಡಿ ನೋಡಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಬಹಳ ಅಪರೂಪ, ಆದರೆ ಕಾಯುವ ವಿಷಯವಲ್ಲ.

ಉಳಿದ ಸಣ್ಣ ನೋವುಗಳ ಬಗ್ಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಒಂದು ಒಳ್ಳೆಯ ಅಧ್ಯಯನ ಮಾಡಿದರು. ತೊಂದರೆಯಾಯಿತು ಎಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಮಾತ್ರೆ, ಕೆಲವು ತಿಂಗಳು ಖಾಲಿ ಬಾಟಲಿ ಕೊಟ್ಟರು. ಸ್ಟಾಟಿನ್ ತಿಂಗಳಲ್ಲಿ ಇದ್ದ ತೊಂದರೆಯ ಶೇ. 90ರಷ್ಟು ಔಷಧಿ ಇಲ್ಲದ ಮಾತ್ರೆಯಲ್ಲೂ ಇತ್ತು. ನೋವು ಸುಳ್ಳು ಎಂದು ಇದರ ಅರ್ಥವಲ್ಲ, ನೋವು ನಿಜವೇ. ಅದಕ್ಕೆ ಕಾರಣ ಹೆಚ್ಚಿನ ಸಲ ಔಷಧಿಯಲ್ಲ. ಆದ್ದರಿಂದ ಮಾತ್ರೆಯನ್ನು ಶಾಶ್ವತವಾಗಿ ಬಿಡುವ ಮುಂಚೆ ಡಾಕ್ಟರ ಜೊತೆ ಸೇರಿ ಕೆಲವು ವಾರ ನಿಲ್ಲಿಸಿ ನೋಡಿ, ಮತ್ತೆ ಸಣ್ಣ ಡೋಸಿನಲ್ಲಿ ಅಥವಾ ಬೇರೆ ಸ್ಟಾಟಿನ್ನಿನಲ್ಲಿ ಶುರು ಮಾಡಿ ನೋಡಿ.

ಶುಗರ್ ಬರುತ್ತದಂತೆ ಎನ್ನುವ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಈಗಾಗಲೇ ಶುಗರಿನ ಅಂಚಿನಲ್ಲಿರುವವರಿಗೆ ಅದು ಸ್ವಲ್ಪ ಬೇಗ ಬರಬಹುದು. ಆದರೆ ಅಂಥವರಿಗೇ ಹಾರ್ಟ್ ಅಟ್ಯಾಕಿನ ಅಪಾಯವೂ ಹೆಚ್ಚು. ಲೆಕ್ಕ ಹಾಕಿದರೆ ಮಾತ್ರೆಯ ಲಾಭವೇ ದೊಡ್ಡದು.

ಹಂತ 9: ಸ್ಟಾಟಿನ್ ಸಾಲದಿದ್ದರೆ

ಮೊದಲು ಸೇರಿಸುವುದು ಎಜೆಟಿಮೈಬ್ 10 ಮಿಲಿಗ್ರಾಂ. ಇದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆದು ಇನ್ನೂ ಶೇ. 20ರಷ್ಟು ಇಳಿಸುತ್ತದೆ. ಸ್ಟಾಟಿನ್ ಡೋಸ್ ದುಪ್ಪಟ್ಟು ಮಾಡುವುದಕ್ಕಿಂತ ಇದು ಎಷ್ಟೋ ಸಲ ಜಾಣತನ. ಬೆಂಪೆಡೋಯಿಕ್ ಆಸಿಡ್ ಸ್ಟಾಟಿನ್ ತಡೆಯಲಾರದವರಿಗೆ. ಯೂರಿಕ್ ಆಸಿಡ್ ಜಾಸ್ತಿ ಇರುವವರು ಮೊದಲೇ ಹೇಳಬೇಕು. ಅದೂ ಸಾಲದಿದ್ದರೆ ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇವೊಲೊಕುಮ್ಯಾಬ್, ಅಲಿರೊಕುಮ್ಯಾಬ್ ಇವೆ. ಇನ್‌ಕ್ಲಿಸಿರಾನ್ ಇಂಜೆಕ್ಷನ್ ಮೊದಲನೆಯದಾಗಿ ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ. ಇವುಗಳ ಬೆಲೆ ಹೆಚ್ಚು.

ಟ್ರೈಗ್ಲಿಸರೈಡ್ ಒಂದೇ ಏರಿದ್ದರೆ ಮೊದಲು ಸಕ್ಕರೆ, ಮೈದಾ, ಮದ್ಯ, ಶುಗರ್ ಮತ್ತು ಟಿಎಸ್‌ಎಚ್ ನೋಡಿ. ಫೆನೋಫೈಬ್ರೇಟ್ ಮುಖ್ಯವಾಗಿ ಬೇಕಾಗುವುದು 500 ದಾಟಿದಾಗ, ಪ್ಯಾಂಕ್ರಿಯಾಸ್ ಊತ ತಪ್ಪಿಸಲು. 200 ಇದೆ ಎಂದು ಸುಮ್ನೆ ಅದನ್ನು ಸೇರಿಸುವುದರಿಂದ ಹೃದಯಕ್ಕೆ ಲಾಭ ಕಂಡಿಲ್ಲ. ಜೆಮ್‌ಫೈಬ್ರೋಜಿಲ್ ಎಂಬ ಹಳೆಯ ಮಾತ್ರೆಯನ್ನು ಸ್ಟಾಟಿನ್ ಜೊತೆ ತೆಗೆದುಕೊಳ್ಳಬಾರದು.

ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ

ಇಲ್ಲಿ ಎಲ್ಲವೂ ತಿರುಗಿ ಬೀಳುತ್ತದೆ. ಟಿಎಸ್‌ಎಚ್ ಸೊನ್ನೆಯ ಹತ್ತಿರ, ತೂಕ ಇಳಿಕೆ, ಎದೆ ಡವಡವ, ಕೊಲೆಸ್ಟ್ರಾಲ್ ಕಡಿಮೆ. ಮೊದಲು ಇದು ದೇಹವೇ ಥೈರಾಯ್ಡನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯೋ, ಥೈರಾಯ್ಡ್ ಊತವೋ ಎಂದು ಸ್ಕ್ಯಾನ್ ಅಥವಾ ರಕ್ತ ಪರೀಕ್ಷೆಯಿಂದ ತಿಳಿಯಬೇಕು. ಊತವಾದರೆ ತಾನಾಗಿ ಇಳಿಯುತ್ತದೆ, ಬಡಿತಕ್ಕೆ ಪ್ರೊಪ್ರನೊಲೊಲ್ ಸಾಕು. ಗ್ರೇವ್ಸ್ ಆದರೆ ಥೈರಾಯ್ಡಿನ ಕೆಲಸ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ 12ರಿಂದ 18 ತಿಂಗಳು ಬೇಕಾಗುತ್ತದೆ. ಅದರಿಂದ ನಿಲ್ಲದಿದ್ದರೆ ರೇಡಿಯೋ ಅಯೋಡಿನ್ ಅಥವಾ ಆಪರೇಷನ್.

ಕಾರ್ಬಿಮಜೋಲ್ ತೆಗೆದುಕೊಳ್ಳುವವರ ಮನೆಯ ಎಲ್ಲರಿಗೂ ಇದು ಗೊತ್ತಿರಬೇಕು: ಜ್ವರ, ಗಂಟಲು ನೋವು ಅಥವಾ ಬಾಯಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಬಿಳಿ ರಕ್ತಕಣದ ಎಣಿಕೆ ಮಾಡಿಸಿ. ಸಾವಿರದಲ್ಲಿ ಎರಡರಿಂದ ಐದು ಮಂದಿಗೆ ಬಿಳಿ ಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಪ್ಯಾರಾಸಿಟಮಾಲ್ ನುಂಗಿ ನಾಳೆ ನೋಡೋಣ ಎನ್ನಬೇಡಿ. ಕಣ್ಣು ಹಳದಿಯಾದರೂ ಹೀಗೆಯೇ.

ಚಿಕಿತ್ಸೆ ಫಲಿಸಿದಾಗ ಕೊಲೆಸ್ಟ್ರಾಲ್ ಏರುತ್ತದೆ. ಅದು ಮಾತ್ರೆಯ ಅಡ್ಡಪರಿಣಾಮವಲ್ಲ. ನಿಮ್ಮ ನಿಜವಾದ ಕೊಲೆಸ್ಟ್ರಾಲ್ ಈಗ ಕಾಣಿಸುತ್ತಿದೆ ಅಷ್ಟೇ.

ಬಸುರಿಯಾದರೆ, ಬಸುರಿಯಾಗುವ ಯೋಚನೆ ಇದ್ದರೆ

ಥೈರಾಕ್ಸಿನ್ ಒಂದು ದಿನವೂ ನಿಲ್ಲಿಸಬೇಡಿ. ಮಗುವಿನ ಥೈರಾಯ್ಡ್ ಕೆಲಸ ಶುರುಮಾಡುವವರೆಗೆ ಅದರ ಮೆದುಳಿಗೆ ತಾಯಿಯ ಹಾರ್ಮೋನೇ ಆಧಾರ. ಬಸಿರು ಖಚಿತವಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ತೆಗೆದುಕೊಳ್ಳಲು ಹೇಳುವುದು ಸಾಮಾನ್ಯ ಕ್ರಮ. ಟಿಎಸ್‌ಎಚ್ 2.5ರ ಒಳಗಿರಬೇಕು, ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ನೋಡಬೇಕು. ಐರನ್, ಕ್ಯಾಲ್ಸಿಯಂ ಮಾತ್ರೆಗಳು ಈ ಸಮಯದಲ್ಲೇ ಶುರುವಾಗುವುದರಿಂದ ನಾಲ್ಕು ಗಂಟೆಯ ಅಂತರ ಇಲ್ಲಿ ಇನ್ನೂ ಮುಖ್ಯ. ಸ್ಟಾಟಿನ್ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದರೆ ಬಸುರಿಗೆ ಮುಂಚೆಯೇ ಮಾತಾಡಿ. ಮೊದಲ ಮೂರು ತಿಂಗಳು ಅದರ ಬದಲು ಪ್ರೊಪೈಲ್‌ಥಯೋಯುರಾಸಿಲ್ ಕೊಡುತ್ತಾರೆ.

ಮನೆಯ ಉಳಿದವರು

ಥೈರಾಯ್ಡ್ ಸರಿ ಇದ್ದೂ ಎಲ್‌ಡಿಎಲ್ 190 ದಾಟಿದ್ದರೆ ಅದು ವಂಶದಲ್ಲಿ ಬಂದದ್ದಿರಬಹುದು. ಮೊಣಕೈ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನ ಹತ್ತಿರ ಗಂಟು, ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆದ ಅಪ್ಪನೋ ಚಿಕ್ಕಪ್ಪನೋ ಇದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ಇಂಥ ಮನೆಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರಿಗೂ ಲಿಪಿಡ್ ಪರೀಕ್ಷೆ ಆಗಬೇಕು. ಪ್ರತಿಯೊಬ್ಬರಿಗೂ ಇದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಮಕ್ಕಳಲ್ಲಿ ಎಂಟು ಹತ್ತು ವರ್ಷಕ್ಕೇ ಸ್ಟಾಟಿನ್ ಶುರು ಮಾಡುವುದುಂಟು, ಅದು ಸುರಕ್ಷಿತ. ಥೈರಾಯ್ಡ್ ಗ್ರಂಥಿಯ ಮೇಲೆ ದೇಹವೇ ದಾಳಿ ಮಾಡುವ ಹಶಿಮೋಟೋ ಕಾಯಿಲೆಯೂ ಕುಟುಂಬಗಳಲ್ಲಿ ಓಡಾಡುತ್ತದೆ. ಅಮ್ಮನಿಗೆ ಇದ್ದರೆ ಮಗಳು ಮದುವೆಯಾಗಿ ಮಗುವಿನ ಯೋಚನೆ ಮಾಡುವ ಮುಂಚೆ ಒಂದು ಟಿಎಸ್‌ಎಚ್ ಮಾಡಿಸಿಕೊಳ್ಳಲಿ.